ಪದ ಪರಿಚಯ: ಚಿಲ್ಲರೆ

ಐನೂರರ ನೋಟನ್ನು ನಾವು ಕನ್ನಡಿಗರು ‘ಮುರಿಸುತ್ತೇವೆ’. ಎಷ್ಟು ಸರಿಯಾದ ಕ್ರಿಯಾಪದ! ಇಡಿಯಾಗಿದ್ದಾಗ ಪೆಟ್ಟಿಗೆಯಲ್ಲಿ ವಾರಗಟ್ಟಲೆ ತೆಪ್ಪಗೆ ಕುಳಿತಿರುವ ನೋಟು, ಒಮ್ಮೆ ಮುರಿದರೆ ಸಂಜೆಯೊಳಗೆ ಇರುವುದಿಲ್ಲ. “ನೋಟು ಮುರಿಸಬೇಡ, ಮುರಿಸಿದ್ದು ನಿಲ್ಲುವುದಿಲ್ಲ” ಎಂದು ನನ್ನ ಅಜ್ಜಿ ಸಂತೆಗೆ ಹೊರಟವರಿಗೆಲ್ಲ ಹೇಳುತ್ತಿದ್ದರು. ಹಾಗೆ ಮುರಿದಾಗ ಕೈಗೆ ಬರುವ ಚೂರುಗಳ ಹೆಸರೇ ಚಿಲ್ಲರೆ.

ಇದು ನಮ್ಮೊಬ್ಬರ ಪದವಲ್ಲ. ತಮಿಳರಿಗೆ ಚಿಲ್ಲರೈ, ತೆಲುಗರಿಗೂ ಮಲಯಾಳಿಗಳಿಗೂ ಚಿಲ್ಲರ. ದಕ್ಷಿಣದ ಸಂತೆಗಳನ್ನೆಲ್ಲ ಸುತ್ತಿ ಬಂದ ಮಾತು. ಅದರ ಮೂಲ ಅರ್ಥ ‘ಬಿಡಿಯಾದದ್ದು’, ‘ಚೂರುಪಾರು’. ಸಗಟಿನ ಎದುರಿಗೆ ನಿಂತಾಗ ಅದು ಚಿಲ್ಲರೆ ವ್ಯಾಪಾರವಾಯಿತು. ಪತ್ರಿಕೆಗಳಲ್ಲಿ ತಿಂಗಳಿಗೊಮ್ಮೆ ಓದುವ ‘ಚಿಲ್ಲರೆ ಹಣದುಬ್ಬರ’ದಲ್ಲಿ ಅದು ಬಹಳ ಗಂಭೀರವಾದ ಮಾತು. ಮನುಷ್ಯರಿಗೆ ಅಂಟಿಕೊಂಡಾಗ ಮಾತ್ರ ಬೈಗುಳ: ಚಿಲ್ಲರೆ ಬುದ್ಧಿ, ಚಿಲ್ಲರೆ ಜನ. ಸಣ್ಣದು ಎಂಬುದು ಹೇಗೆ ಹಗುರವಾದದ್ದು, ಲೆಕ್ಕಕ್ಕಿಲ್ಲದ್ದು ಎಂದಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು. ನನಗೆ ಮುಖ್ಯವೆನಿಸುವುದು ಈ ಜಾರುವಿಕೆಯೇ.

ಚಿಲ್ಲರೆಗೆ ಕನ್ನಡದಲ್ಲಿ ಒಡಹುಟ್ಟಿದವರು ಇದ್ದಾರೆ: ಬಿಡಿಗಾಸು, ಚಿಕ್ಕಾಸು, ಪುಡಿಗಾಸು. ಮೂವರ ಒಳಗೂ ‘ಕಾಸು’ ಇದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಅಂದರೆ ಒಂದು ರೂಪಾಯಿಗೆ 192 ಕಾಸು. ಆದರೆ ಈ ಒಡಹುಟ್ಟಿದವರ ಕೆಲಸವೇ ಬೇರೆ. ‘ಕೈಯಲ್ಲಿ ಬಿಡಿಗಾಸಿಲ್ಲ’ ಎಂದರೆ ಬಡತನ, ‘ಚಿಕ್ಕಾಸೂ ಬಿಚ್ಚುವುದಿಲ್ಲ’ ಎಂದರೆ ಜಿಪುಣತನ, ‘ಪುಡಿಗಾಸಿಗೆ ದುಡಿಯುವುದು’ ಎಂದರೆ ಸಾಕಾಗದ ಸಂಬಳ. ಖರ್ಚಿನ ಜೊತೆ ಜೋಡಿಯಾಗಿ ನಡೆಯುವುದು ಚಿಲ್ಲರೆ ಒಂದೇ.

‘ಚಿಲ್ಲರೆ ಖರ್ಚು’ ಎಂಬ ಈ ಜೋಡಿಯನ್ನು ದುಂದುವೆಚ್ಚದ ಪಕ್ಕ ಇಟ್ಟು ನೋಡಿ. ದುಂದು ಊರಿಗೇ ಕಾಣುತ್ತದೆ. ಮದುವೆಗೆ ಮೂರು ಬಗೆಯ ಸಿಹಿ ಸಾಲದೆ ಏಳು ಬಗೆ ಮಾಡಿಸಿದವರ ಬಗ್ಗೆ ನೆಂಟರು ವರ್ಷವಿಡೀ ಮಾತಾಡುತ್ತಾರೆ. ಮಾಡಿಸಿದವರಿಗೂ ಅದು ಗೊತ್ತಿರುತ್ತದೆ. ಚಿಲ್ಲರೆ ಖರ್ಚು ಯಾರಿಗೂ ಕಾಣುವುದಿಲ್ಲ. ತಿಂಗಳ ಇಪ್ಪತ್ತೈದನೆಯ ತಾರೀಖಿಗೆ “ದುಡ್ಡೆಲ್ಲ ಏನಾಯಿತು?” ಎಂದು ಮನೆಯಲ್ಲಿ ಕೇಳಿದಾಗ “ಏನೋ, ಚಿಲ್ಲರೆ ಖರ್ಚು” ಎಂಬ ಉತ್ತರ ಬರುತ್ತದೆ, ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಆ ಪದವೇ ಮಾಫಿ ಕೊಟ್ಟುಬಿಟ್ಟಿತು! ದಿನಕ್ಕೆ ಎರಡು ಕಾಫಿ, ಒಂದು ಪ್ಲೇಟು ಮೆಣಸಿನಕಾಯಿ ಬಜ್ಜಿ ಎಂದು 60 ರೂಪಾಯಿ ಹಿಡಿದರೂ ವರ್ಷಕ್ಕೆ 21,900 ರೂಪಾಯಿ ಆಗುತ್ತದೆ. ಕಾಫಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಫಿಲ್ಟರ್ ಕಾಫಿಗೆ ಕೊಟ್ಟ ಹಣ ಪೋಲಲ್ಲ. ಆದರೆ 21,900 ರೂಪಾಯಿಯನ್ನು ಯಾರೂ ಚಿಲ್ಲರೆ ಎನ್ನುವುದಿಲ್ಲ.

ಅಜ್ಜಿಯ ‘ಮುರಿಸಬೇಡ’ ಎಂಬ ಮಾತಿಗೆ ಪ್ರಯೋಗದ ಬೆಂಬಲವೂ ಇದೆ. ಪ್ರಿಯಾ ರಘುಬೀರ್ ಮತ್ತು ಜಾಯ್‌ದೀಪ್ ಶ್ರೀವಾಸ್ತವ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಕೆಲವು ವಿದ್ಯಾರ್ಥಿಗಳಿಗೆ ಒಂದು ಡಾಲರಿನ ನೋಟನ್ನು, ಇನ್ನು ಕೆಲವರಿಗೆ ಕಾಲು ಡಾಲರಿನ ನಾಲ್ಕು ನಾಣ್ಯಗಳನ್ನು ಕೊಟ್ಟರು. ಬೇಕಿದ್ದರೆ ಮಿಠಾಯಿ ಕೊಳ್ಳಬಹುದು, ಬೇಡವಾದರೆ ಹಣವನ್ನು ಇಟ್ಟುಕೊಳ್ಳಬಹುದು. ಮೊತ್ತ ಒಂದೇ ಆದರೂ ನಾಣ್ಯ ಹಿಡಿದವರಲ್ಲೇ ಹೆಚ್ಚು ಮಂದಿ ಮಿಠಾಯಿ ಕೊಂಡರು. ಇಡಿ ನೋಟನ್ನು ಮುರಿಯಲು ಮನಸ್ಸು ಒಪ್ಪುವುದಿಲ್ಲ, ಚೂರುಗಳ ಮೇಲೆ ಅಂಥ ಮಮತೆ ಇರುವುದಿಲ್ಲ.

ಹಾಗಾದರೆ ಚಿಲ್ಲರೆಯೇ ಇಲ್ಲದಿದ್ದರೆ ಖರ್ಚು ನಿಲ್ಲುತ್ತದೆಯೇ? ಮೊದಲು ಚಿಲ್ಲರೆ ಇದ್ದ ಕಾಲವನ್ನು ನೋಡೋಣ. ಅಜ್ಜಿಯ ಹಣ ಎಲೆ ಅಡಿಕೆಯ ಸಂಚಿಯೊಳಗೆ ಇರುತ್ತಿತ್ತು. ಸೊಂಟದಿಂದ ಸಂಚಿ ಬರಬೇಕು, ದಾರ ಎಳೆದು ಬಾಯಿ ಬಿಚ್ಚಬೇಕು, ಅಡಿಕೆ ಚೂರುಗಳ ನಡುವೆ ತಡಕಿ ನಾಣ್ಯ ಹುಡುಕಬೇಕು, ಬೆಳಕಿಗೆ ಹಿಡಿದು ನಾಲ್ಕಾಣೆಯೋ ಎಂಟಾಣೆಯೋ ನೋಡಬೇಕು. ಬಲೂನು ಬೇಕೆಂದು ಅಳುತ್ತಿದ್ದ ನಾವು ಅಷ್ಟರಲ್ಲಿ ಬಲೂನನ್ನು ಮರೆತು ಆ ಸಂಚಿಯ ಒಳಗೇನಿದೆ ಎಂದು ಇಣುಕುತ್ತಿದ್ದೆವು. ಆ ತಡವೇ ಉಳಿತಾಯವಾಗಿತ್ತು ಎಂದು ಈಗ ಅರ್ಥವಾಗುತ್ತದೆ. 2011ರ ಜೂನ್ ಮುಗಿಯುವ ಹೊತ್ತಿಗೆ ನಾಲ್ಕಾಣೆಯ ನಾಣ್ಯ ಚಲಾವಣೆಯಿಂದ ಹೋಯಿತು. 2016ರಲ್ಲಿ ಯುಪಿಐ ಬಂತು. ಚಿಲ್ಲರೆಯ ಬದಲು ಅಂಗಡಿಯವರು ಚಾಕೊಲೇಟು ಕೊಡುವುದು, ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆಯುವುದು ಕಡಿಮೆಯಾಯಿತು. ದೊಡ್ಡ ಅನುಕೂಲ, ನಾನೂ ಸಂತೋಷದಿಂದ ಬಳಸುತ್ತೇನೆ. ಆದರೆ ಚಹಾದಂಗಡಿಯ ಪುಟ್ಟ ಪೆಟ್ಟಿಗೆ ಹದಿನೈದು ರೂಪಾಯಿ ಬಂತೆಂದು ಗಟ್ಟಿಯಾಗಿ ಕೂಗಿ ಹೇಳುವುದು ಅಂಗಡಿಯವರಿಗೆ. ಹಣ ಕೊಟ್ಟವರ ಜೇಬು ಸದ್ದು ಮಾಡುವುದಿಲ್ಲ. ಚಿಲ್ಲರೆ ಮಾಯವಾಯಿತು, ಚಿಲ್ಲರೆ ಖರ್ಚು ಉಳಿಯಿತು.

ಮನೆಗೇ ಸಾಮಾನು ತರುವ ಆ್ಯಪ್‌ಗಳಲ್ಲಿ ಇದರ ಹೊಸ ರೂಪವಿದೆ. ಸಾಗಣೆಯ 25 ರೂಪಾಯಿ ಉಳಿಸಲು ಇನ್ನೊಂದು 40 ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಸೇರಿಸುತ್ತೇವೆ. ಉಳಿಸಿದ ಖುಷಿ ನಿಜವಾದದ್ದೇ, 15 ರೂಪಾಯಿ ಹೆಚ್ಚಿಗೆ ಹೋದದ್ದೂ ನಿಜ.

ಸರ್ಕಾರಿ ಕಚೇರಿಗಳಲ್ಲಿ ಇಂಥ ಬಿಡಿ ಖರ್ಚಿಗೆ ‘ಸಾದಿಲ್ವಾರು’ ಎಂಬ ಹೆಸರಿದೆ. ಅಲ್ಲಿ ಗುಂಡುಸೂಜಿಗೂ ರಸೀದಿ ಬೇಕು. ನಮ್ಮ ತಾಯಿಯ ಲೆಕ್ಕದ ಪುಸ್ತಕದ ಶಿಸ್ತು ಇನ್ನೂ ಬಿಗಿ. ಅದರಲ್ಲಿ ‘ಇತರೆ’ ಎಂಬ ಕಲಮು ಇರಲಿಲ್ಲ, ‘ಚಿಲ್ಲರೆ’ ಎಂದು ಬರೆಯಲು ಅವರು ಬಿಡುತ್ತಿರಲಿಲ್ಲ. “ಚಿಲ್ಲರೆ ಅಂದರೆ ಏನು, ಅದಕ್ಕೆ ಹೆಸರಿಲ್ಲವೇ?” ಎಂದು ಕೇಳುತ್ತಿದ್ದರು. ಹೆಸರು ನೆನಪಾಗುವವರೆಗೆ ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಆ ಪುಸ್ತಕ ನನ್ನ ಬಳಿ ಇದೆ. ಒಂದು ಜಾತ್ರೆಯ ದಿನದ ಪುಟದಲ್ಲಿ ಹೀಗಿದೆ: ಬತ್ತಾಸು, ಬಳೆ, ಕಬ್ಬಿನ ಹಾಲು, ಮತ್ತೆ ಕಬ್ಬಿನ ಹಾಲು, ಮಗುವಿನ ಪೀಪಿ. ‘ಮತ್ತೆ’ ಎಂಬ ಮಾತಿನ ಕೆಳಗೆ ಒಂದು ಗೆರೆ.