ಬಿದ್ದ ಪೆಟ್ಟಿನಿಂದ ಮೂಳೆ ಕ್ಯಾನ್ಸರ್ ಬರುತ್ತದೆಯೇ?

ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಾರೆ ವೇಮನ್ ಟಿಸ್‌ಡೇಲ್ ಮನೆಯ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡರು, ಆಮೇಲೆ ಅದೇ ಕಾಲಿಗೆ ಕ್ಯಾನ್ಸರ್ ಆಯಿತು ಎಂದು ಅವರ ಅಭಿಮಾನಿಗಳು ಈಗಲೂ ನೆನೆಯುತ್ತಾರೆ. ಪೆಟ್ಟು ಬಿದ್ದ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವುದುಂಟೇ? ಮಗ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ, ಆಗಾಗ ಮಂಡಿನೋವು ಅನ್ನುತ್ತಾನೆ. ಹೆದರಬೇಕೇ?

ಉತ್ತರ: ಪೆಟ್ಟಿನಿಂದ ಮೂಳೆಯ ಕ್ಯಾನ್ಸರ್ ಹುಟ್ಟುವುದಿಲ್ಲ. ಟಿಸ್‌ಡೇಲ್ ವಿಷಯದಲ್ಲಿ ಅಭಿಮಾನಿಗಳು ಹೇಳುವ ಘಟನೆಗಳೆಲ್ಲ ನಿಜ, ಅವುಗಳಿಗೆ ಹಾಕುವ ಗಂಟು ಮಾತ್ರ ಸುಳ್ಳು. ಬಿದ್ದದ್ದರಿಂದ ರೋಗ ಬರಲಿಲ್ಲ. ಬಿದ್ದದ್ದರಿಂದ ಎಕ್ಸ್‌ರೇ ತೆಗೆದರು, ತೆಗೆದಾಗ ಒಳಗಿದ್ದ ಗಡ್ಡೆ ಕಂಡಿತು.

ಆ ಹೆಸರಿನ ಸುತ್ತ ಇಷ್ಟು ಮಾತು ಏಕೆ ಎಂದು ಕೇಳುವವರಿಗಾಗಿ ಸ್ವಲ್ಪ ಹಿನ್ನೆಲೆ. ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಪಾದ್ರಿಯ ಮಗ ಟಿಸ್‌ಡೇಲ್, 6 ಅಡಿ 9 ಅಂಗುಲದ ಎಡಗೈ ಆಟಗಾರ. 1982ರಿಂದ 1985ರವರೆಗೆ ಒಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಮೂರು ಋತು ಆಡಿ 2,661 ಅಂಕ ಗಳಿಸಿದರು, ಪಂದ್ಯಕ್ಕೆ ಸರಾಸರಿ 25.6. ಕಾಲೇಜಿನ ಮೊದಲ ಮೂರೂ ವರ್ಷ ಆಲ್-ಅಮೆರಿಕನ್ (ದೇಶದ ಶ್ರೇಷ್ಠ ಕಾಲೇಜು ಆಟಗಾರರ ಗೌರವಪಟ್ಟಿ) ಮೊದಲ ತಂಡಕ್ಕೆ ಆಯ್ಕೆಯಾದ ಮೊದಲಿಗ ಅವರೇ. ಭಾನುವಾರ ಬೆಳಿಗ್ಗೆ ಅಪ್ಪನ ಚರ್ಚಿನಲ್ಲಿ ಬಾಸ್ ಗಿಟಾರ್ ನುಡಿಸಬೇಕಿದ್ದರಿಂದ ಕೋಚ್ ಬಿಲ್ಲಿ ಟಬ್ಸ್ ತಂಡದ ಅಭ್ಯಾಸದ ಹೊತ್ತನ್ನೇ ಬದಲಿಸಿದ್ದರು! 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಜೋರ್ಡನ್, ಪ್ಯಾಟ್ರಿಕ್ ಯೂಯಿಂಗ್ ಜೊತೆ ಚಿನ್ನ, ಆಮೇಲೆ 12 ವರ್ಷ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ, ಆಮೇಲೆ ಜಾಝ್ ಸಂಗೀತ. ವಿಶ್ವವಿದ್ಯಾಲಯ ಅವರ 23ನೇ ಸಂಖ್ಯೆಯ ಅಂಗಿಯನ್ನು ಬೇರೆ ಯಾರೂ ತೊಡದಂತೆ ತೆಗೆದಿಟ್ಟಿತ್ತು. 2007ರಲ್ಲಿ ಅಲ್ಲಿಗೆ ಸೇರಿದ ಆಟಗಾರ ಬ್ಲೇಕ್ ಗ್ರಿಫಿನ್ ಅದನ್ನು ತೊಟ್ಟದ್ದು ಟಿಸ್‌ಡೇಲ್ ಒಪ್ಪಿದ ಮೇಲೆಯೇ. ಅದೇ 2007ರ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಮನೆಯಲ್ಲಿ ಬಿದ್ದು ಕಾಲು ಮುರಿದಾಗ ಬಲ ಮಂಡಿಯ ಬಳಿ ಗಡ್ಡೆ ಇರುವುದು ಗೊತ್ತಾಯಿತು. ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆ ಕಟ್ಟುವ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್. 2008ರ ಆಗಸ್ಟ್‌ನಲ್ಲಿ ಬಲಗಾಲು ಕತ್ತರಿಸಬೇಕಾಯಿತು. 2009ರ ಮೇ 15ರಂದು ಟಲ್ಸಾದಲ್ಲಿ ತೀರಿಕೊಂಡಾಗ ಅವರಿಗೆ 44 ವರ್ಷ.

ಇದೇ ಗಂಟನ್ನು ರೋಗಿಯೇ ಹಾಕಿಕೊಂಡ ಉದಾಹರಣೆಯೂ ಇದೆ. ಕೆನಡಾದ ಟೆರಿ ಫಾಕ್ಸ್ ಕೂಡ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ, ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಕಿರಿಯರ ತಂಡದಲ್ಲಿದ್ದವರು. 1976ರ ನವೆಂಬರ್‌ನಲ್ಲಿ ಅವರ ಕಾರು ಮುಂದಿನ ಪಿಕಪ್ ವಾಹನಕ್ಕೆ ಗುದ್ದಿತು, ಬಲ ಮಂಡಿ ನೊಂದಿತು. ಡಿಸೆಂಬರ್‌ನಲ್ಲಿ ಮತ್ತೆ ನೋವು ಬಂದರೂ ಪಂದ್ಯಾವಳಿ ಮುಗಿಯಲಿ ಎಂದು ತಳ್ಳಿಕೊಂಡು ಹೋದರು. 1977ರ ಮಾರ್ಚ್‌ನಲ್ಲಿ ಆಸ್ಟಿಯೋಸಾರ್ಕೋಮಾ ಎಂದು ತಿಳಿಯಿತು, ಮಂಡಿಯಿಂದ ಸುಮಾರು 15 ಸೆಂ.ಮೀ. ಮೇಲಕ್ಕೆ ಕಾಲು ಕತ್ತರಿಸಿದರು. ಅಪಘಾತದಿಂದಲೇ ಮಂಡಿ ದುರ್ಬಲವಾಗಿ ರೋಗಕ್ಕೆ ದಾರಿಯಾಯಿತು ಎಂದು ಫಾಕ್ಸ್ ನಂಬಿದ್ದರು. ವೈದ್ಯರು ಸಂಬಂಧವಿಲ್ಲ ಎಂದೇ ಹೇಳಿದರು. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದವರು ಇವರೇ. ಟೊರೊಂಟೊ, ವ್ಯಾಂಕೂವರ್ ಕಡೆಯ ಕನ್ನಡಿಗರ ಮಕ್ಕಳು ಸೆಪ್ಟೆಂಬರ್ ಬಂತೆಂದರೆ ಶಾಲೆಯಲ್ಲಿ ಅವರ ಹೆಸರಿನ ಓಟ ಓಡುತ್ತಾರೆ.

ಈ ನಂಬಿಕೆ ಇಷ್ಟು ಗಟ್ಟಿಯಾಗಿರಲು ಕಾರಣ ಮೂರು. ಆಡುವ ವಯಸ್ಸಿನಲ್ಲಿ ಮಂಡಿಗೆ ಏಟು ಬೀಳದ ವಾರವೇ ಇರುವುದಿಲ್ಲ, ಹಾಗಾಗಿ ರೋಗ ತಿಳಿದ ದಿನ ಹಿಂದಕ್ಕೆ ನೋಡಿದರೆ ದೂರಲು ಯಾವುದೋ ಒಂದು ಪೆಟ್ಟು ಸಿಕ್ಕೇ ಸಿಗುತ್ತದೆ. ಎರಡನೆಯದು, ಪೆಟ್ಟು ಬಿದ್ದ ಜಾಗವನ್ನೇ ನಾವು ಮುಟ್ಟಿ ನೋಡುವುದು, ಚಿತ್ರ ತೆಗೆಸುವುದು. ಮೂರನೆಯದೇ ಮುಖ್ಯ. ಗೆದ್ದಲು ತಿಂದ ತೊಲೆ ಸಣ್ಣ ಭಾರಕ್ಕೂ ಮುರಿಯುವಂತೆ, ಗಡ್ಡೆ ಒಳಗಿಂದ ತಿಂದ ಮೂಳೆ ಸಣ್ಣದಾಗಿ ಬಿದ್ದರೂ ಮುರಿಯುತ್ತದೆ. ಅಂಥ ಮುರಿತಕ್ಕೆ ವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ: ಪ್ಯಾಥಲಾಜಿಕಲ್ ಫ್ರ್ಯಾಕ್ಚರ್. ಆರೋಗ್ಯವಂತ ವಯಸ್ಕರ ಕಾಲಿನ ಮೂಳೆ ಎಡವಿದ್ದಕ್ಕೋ ತಿರುಗಿ ನಿಂತದ್ದಕ್ಕೋ ಮುರಿಯಿತು ಎಂದರೆ, ಕಟ್ಟು ಹಾಕುವ ಮೊದಲು ಏಕೆ ಮುರಿಯಿತು ಎಂದು ಕೇಳಲೇಬೇಕು.

ಹಾಗಾದರೆ ನಿಜವಾದ ಕಾರಣ? ಹೆಚ್ಚಿನವರಲ್ಲಿ ಇದೇ ಎಂದು ಬೊಟ್ಟು ಮಾಡುವಂಥದ್ದು ಏನೂ ಇರುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದ ಬಂದ ಜೀನ್ ದೋಷ ಇರುತ್ತದೆ: ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಬರುವ ಮನೆತನ, ಹಲವು ಬಗೆಯ ಕ್ಯಾನ್ಸರ್ ತರುವ ಲೀ-ಫ್ರೌಮೆನಿ ಸಿಂಡ್ರೋಮ್ ಇರುವ ಮನೆತನ. ಹಿಂದೆ ಅದೇ ಜಾಗಕ್ಕೆ ವಿಕಿರಣ ಚಿಕಿತ್ಸೆ ಆಗಿದ್ದರೆ, ವಯಸ್ಸಾದವರಲ್ಲಿ ಮೂಳೆ ಅಡ್ಡಾದಿಡ್ಡಿ ಬೆಳೆಯುವ ಪ್ಯಾಜೆಟ್ ರೋಗವಿದ್ದರೆ ಅಪಾಯ ಹೆಚ್ಚು. ಉಳಿದಂತೆ ಇದು ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 3–4 ಮಂದಿಗೆ ಬರುವ ಅಪರೂಪದ ರೋಗ. ಹೆಚ್ಚಾಗಿ 10ರಿಂದ 20ರ ವಯಸ್ಸಿನಲ್ಲಿ, ಮೂಳೆ ದಬದಬನೆ ಬೆಳೆಯುವ ಕಾಲದಲ್ಲಿ, ಬೆಳೆಯುವ ತುದಿಯಲ್ಲೇ ಬರುತ್ತದೆ. ತೊಡೆಮೂಳೆಯ ಕೆಳತುದಿ, ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿ, ತೋಳಿನ ಮೇಲ್ತುದಿ, ಈ ಕ್ರಮದಲ್ಲಿ. 42ರಲ್ಲಿ ಬಂದ ಟಿಸ್‌ಡೇಲ್ ಅವರದ್ದು ಸಾಮಾನ್ಯ ವಯಸ್ಸಲ್ಲ. ಎತ್ತರದವರಲ್ಲಿ ಅಪಾಯ ತುಸು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ನಾಯಿಗಳಲ್ಲೂ ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಿಗೇ ಇದು ಜಾಸ್ತಿ. ಬ್ಯಾಸ್ಕೆಟ್‌ಬಾಲ್ ಆಟಗಾರರ ಹೆಸರು ಕೇಳಿಬರುವುದಕ್ಕೆ ಇದೂ ಒಂದು ಕಾರಣ ಇದ್ದೀತು. ಆಟದ ತಪ್ಪಂತೂ ಅಲ್ಲ. ಮಗನನ್ನು ಅಂಗಳದಿಂದ ಕರೆದು ಮನೆಯಲ್ಲಿ ಕೂರಿಸಬೇಡಿ.

ಮಗನ ಮಂಡಿನೋವಿನ ವಿಷಯ. ಜಿಗಿಯುವ ಹುಡುಗರಲ್ಲಿ ಮಂಡಿನೋವಿಗೆ ತೀರಾ ಸಾಮಾನ್ಯ ಕಾರಣಗಳಿವೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯುಬ್ಬು ನೊಂದು ಊದುವ ಆಸ್‌ಗುಡ್-ಶ್ಲಾಟರ್, ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಸವೆಯುವ ಜಂಪರ್ಸ್ ನೀ, ಸಾದಾ ಉಳುಕು. ಇವೆಲ್ಲ ಆಡಿದಾಗ ನೋಯುತ್ತವೆ, ಬಿಟ್ಟರೆ ಇಳಿಯುತ್ತವೆ. ಬೆಳವಣಿಗೆಯ ನೋವು ಎನ್ನುವುದು ಎರಡೂ ಕಾಲಿಗೆ ಬರುತ್ತದೆ, ಬೆಳಿಗ್ಗೆ ಎದ್ದರೆ ಇರುವುದಿಲ್ಲ.

ಗಡ್ಡೆಯ ನೋವಿನ ನಡತೆ ಬೇರೆ. ಒಂದೇ ಕಾಲು, ಒಂದೇ ಜಾಗ. ಮೊದಮೊದಲು ಬಂದು ಹೋಗುತ್ತದೆ, ಆಮೇಲೆ ಬಿಡುವುದಿಲ್ಲ; ಮಲಗಿದಾಗಲೂ ಇರುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಕೆಲವು ವಾರಗಳ ಮೇಲೆ ಮೂಳೆಗೆ ಅಂಟಿದಂಥ, ಒತ್ತಿದರೆ ಜರುಗದ ಗಟ್ಟಿ ಊತ ಕೈಗೆ ಸಿಗುತ್ತದೆ. ಜ್ವರ, ತೂಕ ಇಳಿಯುವುದು ಸಾಮಾನ್ಯವಾಗಿ ಇರುವುದಿಲ್ಲ. ರಕ್ತ ಪರೀಕ್ಷೆ ಪೂರ್ತಿ ಸರಿ ಇರಬಹುದು, ಆದ್ದರಿಂದ ‘ರಕ್ತ ಚೆನ್ನಾಗಿದೆ’ ಎಂಬ ಮಾತಿಗೆ ಸಮಾಧಾನ ಪಡಬೇಡಿ. ವಿಶ್ರಾಂತಿ ಕೊಟ್ಟೂ ಎರಡು-ಮೂರು ವಾರದಲ್ಲಿ ಇಳಿಯದ ನೋವಿಗೆ ಎಕ್ಸ್‌ರೇ ಬೇಕು. ರಾತ್ರಿ ನೋವೋ ಗಟ್ಟಿ ಊತವೋ ಇದ್ದರೆ ಅಷ್ಟು ದಿನ ಕಾಯುವುದೂ ಬೇಡ.

ಎಕ್ಸ್‌ರೇ ಮುಂದಿನಿಂದ ಒಂದು, ಪಕ್ಕದಿಂದ ಒಂದು, ಎರಡು ಕೋನದಲ್ಲಿ ಇರಬೇಕು. ಅನುಭವಿ ಕಣ್ಣಿಗೆ ಅದರಲ್ಲೇ ಬಹಳಷ್ಟು ಗೊತ್ತಾಗುತ್ತದೆ: ಮೂಳೆಯ ಹೊರಪೊರೆ ಎದ್ದು ನಿಂತ ತ್ರಿಕೋನ, ಸೂರ್ಯನ ಕಿರಣದಂತೆ ಹೊರಚಾಚಿದ ಹೊಸ ಮೂಳೆ. ತೀರಾ ಆರಂಭದಲ್ಲಿ ಏನೂ ಕಾಣದೇ ಇರಬಹುದು. ನೋವು ಮುಂದುವರಿದರೆ ಮತ್ತೆ ತೆಗೆಸಬೇಕು ಅಥವಾ ಎಂಆರ್‌ಐ ಮಾಡಿಸಬೇಕು. ಇನ್ನೊಂದು ಎಡವಟ್ಟು ಸೊಂಟದ ಕೀಲಿನ ರೋಗದಲ್ಲಿ ಆಗುತ್ತದೆ, ಮಕ್ಕಳಲ್ಲಿ ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಮಂಡಿಯ ಚಿತ್ರ ಸರಿಯಿದ್ದೂ ಹುಡುಗ ಕುಂಟುತ್ತಿದ್ದರೆ ಸೊಂಟವನ್ನೂ ನೋಡಿಸಿ.

ಗಡ್ಡೆ ಎಂದು ಅನುಮಾನ ಬಂದ ಮೇಲೆ ಅವಸರಕ್ಕಿಂತ ಕ್ರಮ ಮುಖ್ಯ, ಹೆಚ್ಚಿನ ಹಾನಿ ಆಗುವುದೇ ಇಲ್ಲಿ. ಮೊದಲು ಇಡೀ ಮೂಳೆಯ ಎಂಆರ್‌ಐ, ಬರೀ ಮಂಡಿಯದ್ದಲ್ಲ, ಏಕೆಂದರೆ ಅದೇ ಮೂಳೆಯಲ್ಲಿ ದೂರಕ್ಕೆ ಇನ್ನೊಂದು ತುಣುಕು ಅಡಗಿರಬಹುದು. ಎದೆಯ ಸಿ.ಟಿ. ಸ್ಕ್ಯಾನ್, ಈ ರೋಗ ಮೊದಲು ಹಾರುವುದು ಶ್ವಾಸಕೋಶಕ್ಕೆ. ಉಳಿದ ಮೂಳೆಗಳಿಗೆ ಬೋನ್ ಸ್ಕ್ಯಾನ್ ಅಥವಾ ಪೆಟ್-ಸಿ.ಟಿ. ಇವೆಲ್ಲ ಆದ ಮೇಲೆ ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು. ಅದನ್ನೂ ಮುಂದೆ ಶಸ್ತ್ರಚಿಕಿತ್ಸೆ ಮಾಡಲಿರುವ ಮೂಳೆ-ಗಡ್ಡೆ ತಜ್ಞರೇ ಮಾಡಬೇಕು, ಇಲ್ಲವೇ ಅವರು ತೋರಿಸಿದ ಜಾಗದಲ್ಲೇ ಸೂಜಿ ಹಾಕಬೇಕು. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಚೆಲ್ಲಿರುತ್ತದೆ ಎಂದೇ ಲೆಕ್ಕ, ಆ ದಾರಿಯನ್ನೂ ಗಡ್ಡೆಯ ಜೊತೆ ಕತ್ತರಿಸಿ ತೆಗೆಯುತ್ತಾರೆ. ಅಡ್ಡಾದಿಡ್ಡಿ ಗಾಯ ಮಾಡಿಟ್ಟರೆ ಉಳಿಸಬಹುದಾಗಿದ್ದ ಕಾಲೂ ಹೋಗಬಹುದು.

ಮುರಿದ ಮೂಳೆಯ ವಿಷಯದಲ್ಲಿ ಇನ್ನೂ ಕೆಟ್ಟ ತಪ್ಪು ನಡೆಯುತ್ತದೆ. ಸಾಮಾನ್ಯ ಮುರಿತವೆಂದು ಬಗೆದು ಮೂಳೆಯ ಮಜ್ಜೆಯೊಳಗೆ ಉದ್ದನೆಯ ರಾಡ್ ಇಳಿಸುತ್ತಾರೆ. ಗಡ್ಡೆಯ ಕೋಶ ಮೂಳೆಯ ಉದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ. ‘ನೀರುಗಂಟು’ ಎಂದು ಕೆರೆದು ಸಿಮೆಂಟ್ ತುಂಬುವುದೂ ಹಾಗೆಯೇ. ನಮ್ಮಲ್ಲಿ ಉಳುಕು, ಮುರಿತ ಎಂದರೆ ಪುತ್ತೂರು ಕಟ್ಟು, ನಾಟಿ ಕಟ್ಟು ಎಂದು ಹೊರಡುವ ರೂಢಿ ಇದೆ. ಊತ ಇರುವ ಕಾಲಿಗೆ ಎಕ್ಸ್‌ರೇ ಇಲ್ಲದೆ ಎಣ್ಣೆ ಹಚ್ಚಿ ನೀವುವುದು, ಬಿಗಿದು ಕಟ್ಟುವುದು ಬೇಡ. ಗಡ್ಡೆ ಇದ್ದ ಪಕ್ಷದಲ್ಲಿ ಅಲ್ಲಿ ಕಳೆಯುವ ತಿಂಗಳುಗಳು ತುಂಬಾ ದುಬಾರಿ.

ಚಿಕಿತ್ಸೆ ಹೀಗೆ ನಡೆಯುತ್ತದೆ. ಮೊದಲು ಸುಮಾರು 10 ವಾರ ಕೀಮೋ, ನಂತರ ಶಸ್ತ್ರಚಿಕಿತ್ಸೆ, ನಂತರ ಮತ್ತೆ ಕೀಮೋ. ಒಟ್ಟು ಏಳೆಂಟು ತಿಂಗಳು. ಪಾಶ್ಚಾತ್ಯ ದೇಶಗಳಲ್ಲಿ ಸಿಸ್ಪ್ಲಾಟಿನ್, ಡಾಕ್ಸೊರುಬಿಸಿನ್ ಜೊತೆ ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಅದಕ್ಕೆ ರಕ್ತದಲ್ಲಿ ಔಷಧದ ಮಟ್ಟವನ್ನು ದಿನವೂ ಅಳೆಯಬೇಕು, ಅದರ ವಿಷ ತಗ್ಗಿಸುವ ಲ್ಯೂಕೊವೊರಿನ್ ಹೊತ್ತಿಗೆ ಸರಿಯಾಗಿ ಕೊಡಬೇಕು. ಭಾರತದ ಹಲವು ಕೇಂದ್ರಗಳು ಅದರ ಬದಲು ಐಫೊಸ್ಫಮೈಡ್ ಬಳಸುತ್ತವೆ. ಡಾಕ್ಸೊರುಬಿಸಿನ್ ಹೃದಯಕ್ಕೆ, ಸಿಸ್ಪ್ಲಾಟಿನ್ ಮೂತ್ರಪಿಂಡ ಮತ್ತು ಕಿವಿಗೆ ಹಾನಿ ಮಾಡಬಲ್ಲವು, ಆದ್ದರಿಂದ ಶುರುವಿಗೆ ಮೊದಲೇ ಎಕೊ (ಹೃದಯದ ಸ್ಕ್ಯಾನ್) ಮತ್ತು ಶ್ರವಣ ಪರೀಕ್ಷೆ ಆಗಿರಬೇಕು. ಪ್ರಾಯಕ್ಕೆ ಬಂದ ಹುಡುಗನಾದರೆ ವೀರ್ಯ ಶೇಖರಿಸಿಡುವ ಮಾತನ್ನು ಮೊದಲ ಕೀಮೋಗಿಂತ ಮುಂಚೆಯೇ ಎತ್ತಬೇಕು. ಮನೆಯವರು ಸಂಕೋಚಪಟ್ಟು ಕೇಳುವುದೇ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯಲ್ಲಿ 90% ಅಥವಾ ಹೆಚ್ಚು ಕೋಶ ಸತ್ತಿದ್ದರೆ ಕೀಮೋ ಚೆನ್ನಾಗಿ ಕೆಲಸ ಮಾಡಿದೆ ಎಂದರ್ಥ.

ಕೀಮೋ ಬರುವ ಮುಂಚೆ ಕಾಲು ಕತ್ತರಿಸಿದರೂ ಐದು ವರ್ಷ ಬದುಕುತ್ತಿದ್ದವರು 20% ಒಳಗೆ. ಈಗ ರೋಗ ಬೇರೆಡೆ ಹರಡದ ಹಂತದಲ್ಲಿ ಸಿಕ್ಕಿ ಪೂರ್ತಿ ಚಿಕಿತ್ಸೆ ಆದರೆ 60–70%. ಶ್ವಾಸಕೋಶಕ್ಕೆ ಹೋದ ಮೇಲೆ ಸಿಕ್ಕರೆ 20–30%ಕ್ಕೆ ಇಳಿಯುತ್ತದೆ. ಟೆರಿ ಫಾಕ್ಸ್‌ಗೆ ವೈದ್ಯರು ಹೇಳಿದ್ದೂ ಇದನ್ನೇ: ಎರಡು ವರ್ಷ ಹಿಂದೆ 15% ಇದ್ದ ಉಳಿಯುವ ಸಾಧ್ಯತೆ ಈಗ 50% ಆಗಿದೆ, ಸಂಶೋಧನೆಯ ದೆಸೆಯಿಂದ. ಅವರು ಹಣ ಕೂಡಿಸಲು ಓಡಿದ್ದು ಆ ಲೆಕ್ಕ ಕೇಳಿಯೇ.

ಈಗ ಬಹುಪಾಲು ಜನರಿಗೆ ಕಾಲು ಉಳಿಸಿಯೇ ಗಡ್ಡೆ ತೆಗೆಯುತ್ತಾರೆ, ಹೋದ ಮೂಳೆಯ ಜಾಗದಲ್ಲಿ ಲೋಹದ ಮೂಳೆ ಮತ್ತು ಕೀಲು ಕೂರಿಸುತ್ತಾರೆ. ಗಡ್ಡೆ ಮುಖ್ಯ ರಕ್ತನಾಳ, ನರಗಳನ್ನು ಸುತ್ತಿಕೊಂಡಿದ್ದರೆ, ಲೋಹದ ಸುತ್ತ ಸೋಂಕು ಹಿಡಿದು ಬಿಡದಿದ್ದರೆ, ಅಥವಾ ಅದೇ ಜಾಗದಲ್ಲಿ ರೋಗ ಮರಳಿದರೆ ಕತ್ತರಿಸುವುದೇ ದಾರಿ. ಟಿಸ್‌ಡೇಲ್‌ಗೂ ಮೊದಲು ಕೀಮೋ, ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದವು; ಕತ್ತರಿಸಿದ್ದು ಕೊನೆಗೆ. ಆಮೇಲೆ ಅವರು ತಮ್ಮ ವಿಶ್ವವಿದ್ಯಾಲಯದ ಕಡುಗೆಂಪು-ಕೆನೆ ಬಣ್ಣದ ಕೃತಕ ಕಾಲು ತೊಟ್ಟು ವೇದಿಕೆಗೆ ಬಂದರು. ಕಾಲು ಕಳೆದುಕೊಂಡವರಿಗೆ ನೆರವಾಗಲು ಪ್ರತಿಷ್ಠಾನವನ್ನೂ ಕಟ್ಟಿದರು, ಕೃತಕ ಕಾಲಿನ ಖರ್ಚನ್ನು ವಿಮೆ ಸಾಕಷ್ಟು ಭರಿಸುವುದಿಲ್ಲ ಎಂಬುದು ಆಗ ಅವರ ಅನುಭವಕ್ಕೆ ಬಂದಿತ್ತು. ಇದು ಇಲ್ಲಿಗೂ ಅನ್ವಯ. ಕತ್ತರಿಸಿದ ತುದಿ ಮೊದಲ ತಿಂಗಳುಗಳಲ್ಲಿ ಕುಗ್ಗುತ್ತಾ ಹೋಗುವುದರಿಂದ ಕಾಲು ಕೂರುವ ಬಟ್ಟಲನ್ನು ಮತ್ತೆ ಮಾಡಿಸಬೇಕಾಗುತ್ತದೆ. ಒಂದೇ ಸಲದ ಖರ್ಚು ಎಂದುಕೊಂಡವರು ಸಡಿಲವಾದ ಬಟ್ಟಲಿನಲ್ಲೇ ನಡೆದು ಚರ್ಮ ಹುಣ್ಣು ಮಾಡಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೇರೆ ಕಡೆ ಬಯಾಪ್ಸಿ ಆಗಿದ್ದರೆ ಬರೀ ವರದಿಯ ಹಾಳೆ ಸಾಲದು. ಗಾಜಿನ ಸ್ಲೈಡ್, ಮೇಣದ ಬ್ಲಾಕ್, ಎಂಆರ್‌ಐ ಸಿ.ಡಿ. ಎಲ್ಲವನ್ನೂ ಕೇಳಿ ಪಡೆದು ಒಯ್ಯಿರಿ. ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಎಸೆಯಬೇಡಿ, ಗಡ್ಡೆ ಎಷ್ಟು ಬೇಗ ಬೆಳೆದಿದೆ ಎಂದು ವೈದ್ಯರಿಗೆ ತಿಳಿಯುವುದು ಎರಡನ್ನೂ ಪಕ್ಕಪಕ್ಕ ಇಟ್ಟಾಗ.