ಕೊಳೆ ಕಾಣುವ ಮೊದಲೇ ಔಷಧಿ

2020ರ ಮಾರ್ಚ್ 22, ಭಾನುವಾರ. ಕೊರೊನಾಕ್ಕೆಂದು ಬೆಳಿಗ್ಗೆ ಏಳರಿಂದ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಸರಿಯಾಗಿ ನಮ್ಮ ಚಿಕ್ಕಪ್ಪ ದೇವರ ಕೋಣೆಯ ಜಾಗಟೆ ಹಿಡಿದು ಅಂಗಳಕ್ಕೆ ಇಳಿದರು. ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಮನೆಗಳು ಒಂದಕ್ಕೊಂದು ದೂರ. ತೋಟದ ಆಚೆ ಯಾರೋ ತಟ್ಟೆ ಬಡಿಯುತ್ತಿದ್ದರು. ಗುಡ್ಡದ ಮೇಲಿನ ಮನೆಯಿಂದ ಶಂಖ ಕೇಳಿಸಿತು. ನಾಯಿಗಳು ಗಾಬರಿಬಿದ್ದು ಬೊಗಳಿದವು. ಕೈ ಸೋಲುವವರೆಗೆ ಬಡಿದು, ಜಗಲಿಯಲ್ಲಿ ಕೂತು, ಚಿಕ್ಕಪ್ಪ ಕವಳದ ಬಟ್ಟಲು ಹತ್ತಿರ ಎಳೆದುಕೊಂಡರು.

"ರಾತ್ರಿ ಒಂಬತ್ತಕ್ಕೆ ಹದಿನಾಲ್ಕು ಗಂಟೆ ಆಗ್ತದೆ. ವೈರಸ್ ಬದುಕೋದು ಹನ್ನೆರಡೇ ಗಂಟೆಯಂತೆ. ನಾಳೆ ಬೆಳಿಗ್ಗೆ ಎಲ್ಲ ಸಾಫ್."

ಅದೇ ಚಿಕ್ಕಪ್ಪ, ಅದೇ ಜಗಲಿ, ಅದೇ ಕವಳ. ಮೇ ತಿಂಗಳ ಶುರುವಿನಲ್ಲಿ ಹೇಳಿದ್ದು ಇದು: "ಏನೂ ಆಗ್ಲಿಲ್ವಲ್ಲ ಮಾರಾಯ. ಸುಮ್ನೆ ದೇಶ ಪೂರ್ತಿ ಬಂದ್ ಮಾಡಿ ಕೂತ್ರು."

ಒಂದು ಭಾನುವಾರ ಮನೆಯಲ್ಲಿ ಕೂತರೆ ರೋಗ ಓಡಿಹೋಗುತ್ತೆ ಅನ್ನುವ ನಂಬಿಕೆ ಒಂದು ಕಡೆ. ನಲವತ್ತು ದಿನ ಕೂತಿದ್ದರಿಂದ ಏನೂ ಆಗಿಲ್ಲ ಅನ್ನುವ ಸಿಟ್ಟು ಇನ್ನೊಂದು ಕಡೆ. ಎರಡೂ ಒಂದೇ ಬಾಯಿಂದ. ನಾನು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವನು. ಇಂಥ ಮಾತು ಕೇಳಿದರೆ ಮೈ ಉರಿಯುತ್ತೆ. ಆದರೆ ಅವತ್ತು ಅದಕ್ಕಿಂತ ಜಾಸ್ತಿ ಆಶ್ಚರ್ಯವಾಯಿತು. ಯಾಕೆಂದರೆ ಈ ವಿಷಯದಲ್ಲಿ ಚಿಕ್ಕಪ್ಪನಿಗೆ ಗೊತ್ತಿರುವಷ್ಟು ನನಗೇ ಗೊತ್ತಿಲ್ಲ. ಅವರ ಉತ್ತರ ಕೊಟ್ಟಿಗೆಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಇತ್ತು.

ಆ ಹನ್ನೆರಡು ಗಂಟೆಯ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಆ ಮಾರ್ಚ್‌ನಲ್ಲೇ ಬಂದ ಒಂದು ಪ್ರಯೋಗದಲ್ಲಿ ಪ್ಲಾಸ್ಟಿಕ್ ಮೇಲೆ ಈ ವೈರಸ್ 72 ಗಂಟೆಯವರೆಗೂ ಉಳಿದಿತ್ತು. ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆ. ಅದೂ ಮುಖ್ಯ ಅಲ್ಲ. ವೈರಸ್ ಬಾಗಿಲ ಚಿಲಕದ ಮೇಲೆ ಸಂಸಾರ ಮಾಡುವುದಿಲ್ಲ, ಮನುಷ್ಯರ ಮೂಗು ಗಂಟಲಲ್ಲಿ ಮಾಡುತ್ತೆ. ಅಲ್ಲಿ ಅದಕ್ಕೆ ಹತ್ತು ದಿನ ಆರಾಮ. ಹದಿನಾಲ್ಕು ಗಂಟೆ ಮನೆಯೊಳಗಿದ್ದರೆ ಅದೂ ನಿಮ್ಮ ಜೊತೆ ಒಳಗಿದ್ದು, ಮಾರನೇ ದಿನ ನಿಮ್ಮ ಜೊತೆಗೇ ಪೇಟೆಗೆ ಬರುತ್ತೆ. (ತಾಮ್ರ ಅಂದ ತಕ್ಷಣ ತಾಮ್ರದ ಚೊಂಬಿನ ನೀರು ಕುಡಿಯಲು ಹೊರಡಬೇಡಿ. ವೈರಸ್ ಸತ್ತದ್ದು ಲೋಹದ ಮೇಲೆ, ಹೊಟ್ಟೆಯಲ್ಲಲ್ಲ.)

ಈಗ ಡ್ರಮ್ಮಿನ ವಿಷಯಕ್ಕೆ ಬರೋಣ.

ಮಲೆನಾಡಿನಲ್ಲಿ ಮೇ ಕೊನೆಯ ವಾರ ಅಡಿಕೆ ತೋಟ ಇರುವವರಿಗೆ ಒಂದೇ ಧ್ಯಾನ: ಮಳೆ ಹಿಡಿಯುವ ಮೊದಲು ಔಷಧಿ ಹೊಡೆಸಬೇಕು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದೇ ಬೋರ್ಡೋ ದ್ರಾವಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಸೇರಿಸಿದರೆ ಚಂದದ ಆಕಾಶನೀಲಿ ಬಣ್ಣ ಬರುತ್ತೆ. ಚಿಕ್ಕಪ್ಪ ಉಜ್ಜಿ ತೊಳೆದ ಚಾಕುವನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಚಾಕುವಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಇನ್ನೊಂದು ಹಿಡಿ ಸುಣ್ಣ ಬೀಳುತ್ತೆ. ಆಮೇಲೆ ಕೊನೆಗೌಡ ಮರ ಹತ್ತುತ್ತಾನೆ. ಒಂದೊಂದು ಕೊನೆಗೂ, ಅಂದರೆ ಅಡಿಕೆ ಗೊನೆಗೂ, ಒಳಗೆ ಹೊರಗೆ ಹೊಡೆಯಬೇಕು. ಕೂಲಿಯೂ ಜಾಸ್ತಿ, ಜೀವದ ಅಪಾಯವೂ ಇದೆ.

ಇಷ್ಟೆಲ್ಲ ಮಾಡುವ ಹೊತ್ತಿಗೆ ತೋಟದಲ್ಲಿ ಒಂದು ಕಾಯಿಗೂ ಕೊಳೆ ಇರುವುದಿಲ್ಲ. ಇದನ್ನು ಗಮನಿಸಿ.

ಕೊಳೆ ರೋಗ ತರುವ ಫೈಟಾಫ್ತೋರಾವನ್ನು ಶಿಲೀಂಧ್ರ ಅನ್ನುತ್ತಾರೆ. ನಿಜಕ್ಕೂ ಅದು ಪಾಚಿಗಳ ದೂರದ ನೆಂಟ. ಅದರ ಬೀಜಕಣಗಳಿಗೆ ಬಾಲ ಇದೆ, ನೀರಲ್ಲಿ ಈಜುತ್ತವೆ. ಮಳೆ ಬಿಡದೆ ಸುರಿದಾಗ ಕಾಯಿಯ ಮೇಲಿನ ತೆಳುನೀರಲ್ಲಿ ಈಜಿಕೊಂಡು ಬಂದು, ತೊಟ್ಟಿನ ಹತ್ತಿರ ಒಳಗೆ ಇಳಿಯುತ್ತವೆ. ಕಾಯಿಯ ಮೇಲೆ ಬೋರ್ಡೋ ಪದರ ಇದ್ದರೆ ಅಲ್ಲಿನ ತಾಮ್ರ ಅವುಗಳನ್ನು ಬಾಗಿಲಲ್ಲೇ ಕೊಲ್ಲುತ್ತೆ. ಒಮ್ಮೆ ಒಳಗೆ ಹೋದವೋ, ಎಷ್ಟು ಹೊಡೆದರೂ ಆ ಕಾಯಿ ಉಳಿಯದು. ಉದುರಿದ ಕಾಯಿ ನೋಡಿ ಪಂಪ್ ಹುಡುಕುವವನು ಆ ಕಾಯಿಯ ಮಟ್ಟಿಗೆ ತಡ ಮಾಡಿದ್ದಾನೆ. ಅವನು ನೋಡುತ್ತಿರುವುದು ಹೋದ ವಾರದ ಮಳೆಯನ್ನು.

ಈ ಔಷಧಿಯ ಹುಟ್ಟೂ ತಮಾಷೆಯದು. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ಬೆಳೆಗಾರರು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ರೋಗಕ್ಕಲ್ಲ, ಕಳ್ಳರಿಗೆ! ನೀಲಿ ಮೆತ್ತಿದ ದ್ರಾಕ್ಷಿ ಯಾರೂ ಕೀಳುವುದಿಲ್ಲ ಅಂತ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ನೋಡಿದರೆ, ಒಳಗಿನ ಬಳ್ಳಿಗಳ ಎಲೆ ರೋಗಕ್ಕೆ ಉದುರಿದೆ, ದಾರಿ ಬದಿಯವು ಹಸಿರಾಗಿವೆ. ಆ ರೋಗವೂ ನಮ್ಮ ಕೊಳೆಯ ದಾಯಾದಿಯೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್, ಅಡಿಕೆಯ ಕೊಳೆ ರೋಗವನ್ನು ಕೂಲಂಕಷವಾಗಿ ನೋಡಿ 1910ರಲ್ಲಿ ವರದಿ ಬರೆದರು. ಮಲೆನಾಡಿಗೆ ಬೋರ್ಡೋ ಬಂದದ್ದು ಅವರಿಂದ. ಅದಕ್ಕೂ ಮೊದಲು ನಮ್ಮವರು ಒಂದೊಂದು ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು, ಮಳೆನೀರು ತಾಗದ ಹಾಗೆ ಟೋಪಿ ಹಾಕಿದಂತೆ. ಅದೂ ಮಳೆಗೆ ಮೊದಲೇ ಮಾಡುವ ಕೆಲಸ.

ಕೊರೊನಾದ ಮೊದಲ ದಿನಗಳೂ ಹೀಗೇ. ಸೋಂಕು ತಗುಲಿ ಜ್ವರ ಬರಲು ಸರಾಸರಿ 5 ದಿನ. ಎರಡು ದಿನ ಕಷಾಯ ಕುಡಿದು ನೋಡಿ, ಆಮೇಲೆ ಆಸ್ಪತ್ರೆಗೆ ಹೋಗಿ, ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಅದು ಬೇರೆ ಊರಿನ ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ವಾರ. ಅಂದರೆ ಟಿವಿಯಲ್ಲಿ ಕಾಣುವ ಅಂಕಿ 12 ದಿನ ಹಳೆಯದು. ಲಾಕ್‌ಡೌನ್‌ಗೆ ಮೊದಲು ದೇಶದ ಪ್ರಕರಣಗಳು ಸುಮಾರು 3 ದಿನಕ್ಕೊಮ್ಮೆ ಎರಡು ಪಟ್ಟಾಗುತ್ತಿದ್ದವು. 12 ದಿನಕ್ಕೆ ನಾಲ್ಕು ಸಲ ದುಪ್ಪಟ್ಟು, ಅಂದರೆ 16 ಪಟ್ಟು. ಮಾರ್ಚ್ 24ರಂದು ಟಿವಿ ತೋರಿಸಿದ್ದು 500 ಚಿಲ್ಲರೆ. ಈ ಲೆಕ್ಕದಲ್ಲಿ ಒಳಗೊಳಗೇ 8,000 ಆಗಿರಬೇಕು. ಒಂದೂ ಕಾಯಿ ಉದುರದ ತೋಟ ಅದು!

ಆಗುಂಬೆ ಘಾಟಿಯ ಬಸ್ ನೆನಪಿಸಿಕೊಳ್ಳಿ. ಹದಿನಾಲ್ಕು ಹೇರ್‌ಪಿನ್ ತಿರುವು. ಡ್ರೈವರ್ ಬ್ರೇಕ್ ಒತ್ತುವುದು ತಿರುವಿನಲ್ಲಲ್ಲ, ತಿರುವಿಗೆ ಎಷ್ಟೋ ಮೊದಲು. ಹಿಂದಿನ ಸೀಟಿನವರು ಗೊಣಗುತ್ತಾರೆ, ಇಷ್ಟು ನಿಧಾನ ಯಾಕೆ, ಏನೂ ಆಗ್ಲಿಲ್ಲವಲ್ಲ ಅಂತ.

ಬ್ರೇಕ್ ಒತ್ತಿದ ಮೇಲೂ ಬಸ್ ಮುಂದೆ ಹೋಗುತ್ತೆ. ಅಥವಾ ಬಚ್ಚಲ ಹಂಡೆ ತೆಗೆದುಕೊಳ್ಳಿ, ಅದು ಇನ್ನೂ ಸರಿಯಾದ ಉದಾಹರಣೆ. ನೀರು ಕುದಿಯುತ್ತಿದೆ ಅಂತ ಒಲೆಯಿಂದ ಕಟ್ಟಿಗೆ ಎಳೆದಿರಿ. ಕೆಂಡ ಒಳಗೇ ಇದೆ. ಅರ್ಧ ಗಂಟೆ ಬಿಟ್ಟು ಕೈ ಹಾಕಿದರೂ ಸುಡುತ್ತೆ. ಲಾಕ್‌ಡೌನ್ ಆದ ಮೊದಲ ಎರಡು ವಾರ ಅಂಕಿ ಏರುತ್ತಲೇ ಇದ್ದಾಗ "ಬಂದ್ ಮಾಡಿದರೂ ಏರ್ತಾ ಇದೆಯಲ್ಲ" ಎಂದರಲ್ವಾ, ಅದು ಕೆಂಡ. ಏಪ್ರಿಲ್ 17ರಂದು ಆರೋಗ್ಯ ಇಲಾಖೆ ಹೇಳಿದ ಪ್ರಕಾರ ದುಪ್ಪಟ್ಟಾಗುವ ಅವಧಿ ಸುಮಾರು 6 ದಿನಕ್ಕೆ ಏರಿತ್ತು. ಇಳಿದಿತ್ತೋ ಏರಿತ್ತೋ ಅಂತ ನನ್ನ ವಿದ್ಯಾರ್ಥಿಗಳೇ ಗೊಂದಲ ಮಾಡಿಕೊಳ್ಳುತ್ತಾರೆ. 3 ದಿನ 6 ದಿನ ಆಗುವುದು ಒಳ್ಳೆಯ ಸುದ್ದಿ. 500ರಿಂದ ಶುರು ಮಾಡಿ 21 ದಿನ ಲೆಕ್ಕ ಹಾಕಿ. 3 ದಿನದ ಲೆಕ್ಕದಲ್ಲಿ 64,000. 6 ದಿನದ ಲೆಕ್ಕದಲ್ಲಿ 6,000ಕ್ಕೂ ಕಡಿಮೆ. ಏಪ್ರಿಲ್ 14ರಂದು ನಿಜವಾಗಿ ಇದ್ದದ್ದು 10,000ದ ಮೇಲೆ, ಕೆಂಡವೂ ಸೇರಿ.

ಔಷಧಿ ಸರಿ ಎಂದ ಮಾತ್ರಕ್ಕೆ ಹೊಡೆದ ರೀತಿಯೂ ಸರಿ ಎಂದಲ್ಲ. ಮಾರ್ಚ್ 24ರ ರಾತ್ರಿ 8ಕ್ಕೆ ಲಾಕ್‌ಡೌನ್ ಎಂದು ಹೇಳಿ 12ಕ್ಕೆ ಬಾಗಿಲು ಹಾಕಿದರು. ಮಾರನೇ ದಿನ ಯುಗಾದಿ. ದೂರ ದೂರ ಇರಿ ಎಂದ ಗಳಿಗೆಯಲ್ಲೇ ಜನ ಕಿರಾಣಿ ಅಂಗಡಿ ಮುಂದೆ ಮೈಗೆ ಮೈ ತಾಗಿಸಿ ನಿಂತರು. ಕೂಲಿಗೆ ಹೋದ ಲಕ್ಷಾಂತರ ಜನ ಮಕ್ಕಳನ್ನು ಎತ್ತಿಕೊಂಡು ನೂರಾರು ಕಿಲೋಮೀಟರ್ ನಡೆದರು. ಸುಣ್ಣ ಕಡಿಮೆಯಾದ ಬೋರ್ಡೋ ಅಡಿಕೆಯ ಹಿಂಗಾರವನ್ನೇ (ಹೂಗೊಂಚಲನ್ನೇ) ಸುಡುತ್ತೆ. ಚಾಕು ಅದ್ದಿ ನೋಡುವ ವ್ಯವಧಾನ ಆ ನಾಲ್ಕು ಗಂಟೆಯಲ್ಲಿ ಯಾರಿಗೂ ಇರಲಿಲ್ಲ.

ಬಲವಂತದ ಕಥೆಯೂ ಹಳೆಯದೇ. ರಾಜ್ಯ ಸರ್ಕಾರ ಆ ಮಾರ್ಚ್‌ನಲ್ಲಿ ಕೈಗೆತ್ತಿಕೊಂಡ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದ್ದು, ಮುಂಬೈ ಪ್ಲೇಗಿನ ಕಾಲದ್ದು. ಅದೇ ವರ್ಷ ಪುಣೆಯಲ್ಲಿ ಸೋಲ್ಜರುಗಳು ಅಡುಗೆಮನೆ, ದೇವರಮನೆ ಎನ್ನದೆ ನುಗ್ಗಿ ರೋಗಿಗಳನ್ನು ಹುಡುಕಿದರು. ಸಿಟ್ಟಿಗೆದ್ದ ಚಾಪೇಕರ್ ಸಹೋದರರು ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆದರೆ ಅದೇ ಜನ ಇಲಿ ಬಿದ್ದ ಮನೆಯಲ್ಲಿ ಮಲಗುತ್ತಿರಲಿಲ್ಲ. ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪೂಜೆಯ ಜೊತೆಗೆ ಕಾಲಿಗೂ ಬುದ್ಧಿ ಹೇಳುತ್ತಿದ್ದರು. ಇಲಿ ಬೀಳುವುದು ಕಣ್ಣಿಗೆ ಕಾಣುವ ಸೂಚನೆ. ಹಾಗಾಗಿ ಊರು ಬಿಡಿ ಎಂದು ಯಾರೂ ಹೇಳಬೇಕಿರಲಿಲ್ಲ.

ನಮಗೆ ಇಲಿಯ ಬದಲು ಮಂಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಹಳದಿ ಜ್ವರ ಇಂಡಿಯಾಕ್ಕೆ ಬಂತೇ ಎಂದು ಮೊದಲು ಗುಮಾನಿಪಟ್ಟರು. ನೋಡಿದರೆ ಜಗತ್ತಿಗೇ ಹೊಸ ವೈರಸ್, ಉಣುಗಿನಿಂದ ಹರಡುವಂಥದ್ದು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರನ್ನು ಕೊಂದದ್ದು ಇದೇ ಮಂಗನ ಕಾಯಿಲೆ. ಮರು ವರ್ಷದ ಬೇಸಿಗೆಯಲ್ಲೇ ಕೊರೊನಾ ಬಂತು. ಹಾಗಾಗಿ ನಮ್ಮವರ ತಲೆಯಲ್ಲಿ ಭಯದ ನಕ್ಷೆ ಮೊದಲೇ ಬರೆದಾಗಿತ್ತು: ಕಾಡು ಅಪಾಯ, ಪೇಟೆ ಸುರಕ್ಷಿತ. ದರಕು (ಒಣಎಲೆ) ತರಲು ಹೋಗಬೇಡಿ, ಹೋದರೆ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತರೆ ಫೋನ್ ಮಾಡಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ, ರೋಗಿಯ ಪಕ್ಕ ಕೂತು ಗಂಜಿ ಕುಡಿಸಬಹುದು. ಕೊರೊನಾ ನಕ್ಷೆಯನ್ನೇ ತಲೆಕೆಳಗು ಮಾಡಿತು. ಒಬ್ಬರೇ ಕಾಡಿಗೆ ಹೋದರೆ ತೊಂದರೆಯಿಲ್ಲ, ಬಸ್ ಸ್ಟ್ಯಾಂಡ್ ಅಪಾಯ. ಮಂಗ ಸಾಯಲಿಲ್ಲ, ಇಲಿ ಬೀಳಲಿಲ್ಲ. ಎಷ್ಟೋ ಸಲ ಜ್ವರ ಬರುವ ಮೊದಲೇ ಮನುಷ್ಯ ಹರಡಿಯಾಗಿತ್ತು. ಸೂಚನೆಯೇ ಕಾಣದಿದ್ದಾಗ ಬಾಗಿಲು ಹಾಕಿ ಎಂದರೆ ಯಾರು ತಾನೇ ನಂಬುತ್ತಾರೆ? ಕೆಲವರು ನಕ್ಕರು. ಕೆಲವರು ಊರ ಬಾಯಿಗೆ ಮುಳ್ಳು ಹಾಕಿ, ಬೆಂಗಳೂರಿನಿಂದ ಬಂದ ತಮ್ಮ ಮಕ್ಕಳನ್ನೇ ತಡೆದರು. ಊರೊಳಗೆ ಮಾತ್ರ ಗುಂಪು ಕಟ್ಟಿ ಇಸ್ಪೀಟು!

ಮೇ ಮೊದಲ ವಾರದವರೆಗೂ ಶಿವಮೊಗ್ಗ ಜಿಲ್ಲೆ ಹಸಿರು ವಲಯ, ಒಂದೂ ಪ್ರಕರಣ ಇಲ್ಲ. ಅದಕ್ಕೆ ಜನ ಕೊಟ್ಟ ಕಾರಣಗಳು ಒಂದೆರಡಲ್ಲ. ಮಲೆನಾಡಿನ ಗಾಳಿಯಂತೆ. ಕಾಳುಮೆಣಸಿನ ಕಷಾಯವಂತೆ. ಫೆಬ್ರವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ ಚೆನ್ನಾಗಿ ನಡೆದದ್ದರಿಂದ ಅಮ್ಮ ಕಾಪಾಡಿದಳಂತೆ. ಕಷಾಯ ನಾನೂ ಕುಡಿದೆ, ರುಚಿಗೆ. ಜಾತ್ರೆಯ ಅಷ್ಟು ದೊಡ್ಡ ಗುಂಪಿನಲ್ಲಿ ಏನೂ ಆಗದೇ ಇದ್ದದ್ದಕ್ಕೆ ಕಾರಣ ಸರಳ: ವೈರಸ್ ಇನ್ನೂ ಊರಿಗೆ ಬಂದಿರಲಿಲ್ಲ. ಆಮೇಲೆ ಬಸ್ಸು, ರೈಲು ನಿಂತವು. ಮೇ 10ರಂದು ಜಿಲ್ಲೆಯ ಮೊದಲ 8 ಪ್ರಕರಣ ಗೊತ್ತಾದವು. ಎಲ್ಲರೂ ಅಹಮದಾಬಾದಿನಿಂದ ಬಂದವರು. ಗಾಳಿ ಅದೇ ಇತ್ತು, ಕಷಾಯವೂ ಅದೇ. ದಾರಿ ತೆರೆದಿತ್ತು, ಅಷ್ಟೇ.

ಹೊಡೆಯದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ತೋರಿಸುವುದೇ ಕಷ್ಟದ ಕೆಲಸ. ಅದಕ್ಕೆ ಪಕ್ಕದ ತೋಟ ನೋಡಬೇಕು. ಸ್ವೀಡನ್ ಕಟ್ಟುನಿಟ್ಟಿನ ಲಾಕ್‌ಡೌನ್ ಮಾಡಲಿಲ್ಲ, ಪಕ್ಕದ ನಾರ್ವೆ ಬೇಗ ಬಾಗಿಲು ಹಾಕಿತು. 2020ರಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಸ್ವೀಡನ್‌ನ ಕೊರೊನಾ ಸಾವು ನಾರ್ವೆಯದರ ಸುಮಾರು ಹತ್ತು ಪಟ್ಟು. ಅದೂ ಸ್ವೀಡನ್ನಿನ ಜನ ತಾವಾಗಿಯೇ ಎಷ್ಟೋ ಮಟ್ಟಿಗೆ ಮನೆಯಲ್ಲಿದ್ದೂ.

ಇದನ್ನು ಹೇಳಿದರೆ ಚಿಕ್ಕಪ್ಪ "ಅದು ಚಳಿ ದೇಶ" ಅಂದರು. ಹಾಗಾದರೆ ಈ ಸಲ ಹತ್ತು ಮರಕ್ಕೆ ಔಷಧಿ ಹೊಡೆಸಬೇಡಿ, ನೋಡೇಬಿಡೋಣ ಎಂದೆ.

"ಹತ್ತು ಮರದ ಅಡಿಕೆ ನಿನ್ನ ಲೆಕ್ಕಕ್ಕೆ ಬಿಡಬೇಕಾ? ತಲೆ ಸಮ ಇದ್ಯಾ?"

ಚೌಕಾಸಿ ಮಾಡಿ ನಾಲ್ಕಕ್ಕೆ ಇಳಿಸಿದೆ. ಹಳ್ಳದ ಅಂಚಿನ ನಾಲ್ಕು ಮರ. ಜುಲೈ, ಆಗಸ್ಟಿನಲ್ಲಿ ಮಳೆ ಬಿಡಲೇ ಇಲ್ಲ. ಮೂರು ಮರದ ಕೊನೆಗಳು ಕೊಳೆತು, ಕಾಯಿ ಉದುರಿ, ಬುಡದಲ್ಲಿ ಬಿಳಿ ಬೂಷ್ಟು ಹಿಡಿದು ಬಿದ್ದಿದ್ದವು. ನಾಲ್ಕನೆಯದಕ್ಕೆ ಏನೂ ಆಗಲಿಲ್ಲ. ಕೊನೆ ಕೊಯ್ಲಿನವರೆಗೂ ಕಾಯಿ ಗಟ್ಟಿಯಾಗಿ ನಿಂತಿತ್ತು.

ಮನೆಗೆ ಬಂದ ನೆಂಟರನ್ನು ತೋಟಕ್ಕೆ ಕರೆದುಕೊಂಡು ಹೋಗಿ ಚಿಕ್ಕಪ್ಪ ಈಗಲೂ ತೋರಿಸುವುದು ಆ ಒಂದು ಮರವನ್ನೇ.