ತಮಗೋಚಿಯ ಆಯುಸ್ಸು: ಸಾಕುವುದಕ್ಕಿಂತ ಸಾಬೀತು ಮಾಡುವುದೇ ಕಷ್ಟ

ತಮಗೋಚಿ ಎಂದರೆ ಪರದೆಯ ಮೇಲಿನ ಜೀವಿಯೊಂದನ್ನು ಮೊಟ್ಟೆಯಿಂದ ಸಾಕುವ ಪುಟ್ಟ ಆಟಿಕೆ. ಜಪಾನಿನ ಬಂದಾಯ್ ಕಂಪನಿ 1996ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಿಟ್ಟ ಮೊದಲ ತಮಗೋಚಿಯ ಒಳಗಿದ್ದದ್ದು ಎಪ್ಸನ್‌ನ ಒಂದು 4 ಬಿಟ್ ಚಿಪ್, ಎರಡು ಬಟನ್ ಸೆಲ್ಲು, ಅಡ್ಡಕ್ಕೆ 32 ಚುಕ್ಕೆ, ಉದ್ದಕ್ಕೆ 16 ಚುಕ್ಕೆಯ ಪರದೆ. ನಮ್ಮ ಒಂದು ದಿನ ಅದಕ್ಕೆ ಒಂದು ವರ್ಷ. ಹಸಿವಿನ ನಾಲ್ಕು ಹೃದಯ, ಖುಷಿಯ ನಾಲ್ಕು ಹೃದಯ ಖಾಲಿಯಾಗದಂತೆ ನೋಡಿಕೊಂಡು, ಗಲೀಜು ತೆಗೆದು, ತಲೆಬುರುಡೆ ಚಿಹ್ನೆ ಕಂಡ ಕೂಡಲೇ ಮದ್ದು ಹಾಕಿ, ಮಲಗಿದಾಗ ದೀಪ ಆರಿಸಿದರೆ ಜೀವಿ ಬಹುಕಾಲ ಬಾಳುತ್ತದೆ. ಇಷ್ಟು ತಾಳ್ಮೆ ಇರುವವರು ಬೇಕಾದಷ್ಟಿದ್ದಾರೆ. ಅತಿ ಹೆಚ್ಚು ಕಾಲ ಬದುಕಿಸಿದ ದಾಖಲೆ ಬರೆಯಲು ಹೊರಟವರು ಎಡವುವುದು ಬೇರೆ ಕಡೆ. ವಯಸ್ಸು ತೋರಿಸುವ ಪರದೆಯ ಒಂದು ಫೋಟೊ ಹಿಡಿದು ಇದೇ ಪುರಾವೆ ಎನ್ನುತ್ತಾರೆ.

ಆ ಅಂಕಿಯನ್ನು ನಂಬಲು ಕಾರಣವೇ ಇಲ್ಲ. ಮೊದಲ ಮಾದರಿಯಲ್ಲಿ ಗಡಿಯಾರ ಹೊಂದಿಸುವ ಪರದೆ ತೆರೆದಿಟ್ಟರೆ ಜೀವಿಯ ಕಾಲವೇ ನಿಂತುಬಿಡುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟು ಆಮೇಲೆ "ಇಷ್ಟು ತಿಂಗಳು ಬದುಕಿಸಿದೆ" ಎನ್ನಬಹುದು. ಕಂಪ್ಯೂಟರಿನಲ್ಲಿ ಅದೇ ಚಿಪ್ಪನ್ನು ಅನುಕರಿಸುವ ತಂತ್ರಾಂಶಗಳಿವೆ. ಅಲ್ಲಿ ಸಾಯುವ ಮುಂಚಿನ ಸ್ಥಿತಿಯನ್ನು ಉಳಿಸಿಟ್ಟು ಮತ್ತೆ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಎಲ್ಲಕ್ಕಿಂತ ಸಲೀಸಾದ ಮೋಸ ಬೇರೆಯೇ ಇದೆ. ಒಂದೇ ಬಣ್ಣದ ಐದು ಸಾಧನಗಳಲ್ಲಿ ಒಂದೇ ದಿನ ಮೊಟ್ಟೆ ಒಡೆಸಿ, ಕೊನೆಗೆ ಉಳಿದದ್ದನ್ನು "ಇದೊಂದೇ ಇತ್ತು" ಎಂದು ತೋರಿಸುವುದು. ಅಲ್ಲಿ ವಯಸ್ಸು ನಿಜ, ಜೀವಿಯೂ ನಿಜ, ಹೇಳಿಕೆ ಮಾತ್ರ ಸುಳ್ಳು.

ಹಾಗಾಗಿ ಸಾಬೀತಾಗಬೇಕಾದದ್ದು ನಿರಂತರತೆ: ಅದೇ ಸಾಧನ, ಅದೇ ಜೀವಿ, ನಡುವೆ ಎಲ್ಲೂ ಕಾಲ ನಿಂತಿಲ್ಲ. ಇದಕ್ಕೆ ಅತ್ಯುತ್ತಮ ಸಾಕ್ಷಿ ಸಾಧನದ ಒಳಗೇ ಇದೆ, ಅದರ ಸ್ಫಟಿಕ. ಸೆಕೆಂಡಿಗೆ 32,768 ಸಲ ಕಂಪಿಸಬೇಕಾದ ಈ ಕ್ವಾರ್ಟ್ಸ್ ತುಣುಕು ಕರಾರುವಾಕ್ಕಾಗಿ ಅಷ್ಟೇ ಕಂಪಿಸುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ಗಡಿಯಾರ ದಿನಕ್ಕೆ ಸುಮಾರು 1.7 ಸೆಕೆಂಡು ತಪ್ಪುತ್ತದೆ, 100 ದಿನಕ್ಕೆ ಹೆಚ್ಚುಕಡಿಮೆ ಮೂರು ನಿಮಿಷ. ಪ್ರತಿ ಸ್ಫಟಿಕಕ್ಕೂ ತನ್ನದೇ ವೇಗದ ತಪ್ಪು. ದಿನವೂ ಈ ತಪ್ಪನ್ನು ಅಳೆದು ಗ್ರಾಫಿನಲ್ಲಿ ಗುರುತಿಸಿದರೆ ಬಹುಮಟ್ಟಿಗೆ ನೇರವಾದ ಗೆರೆ ಬರುತ್ತದೆ. ಸಾಧನ ಬದಲಾದರೆ ಗೆರೆಯ ಓರೆ ಬದಲಾಗುತ್ತದೆ. ಒಂದು ತಾಸು ಕಾಲ ನಿಲ್ಲಿಸಿದರೆ ಗೆರೆ 3,600 ಸೆಕೆಂಡು ಜಿಗಿಯುತ್ತದೆ. ಆಮೇಲೆ ಗುಂಡಿ ಒತ್ತಿ ಗಡಿಯಾರ ಸರಿಪಡಿಸಲು ಹೋದವರ ಕೈ ಅರ್ಧ ಸೆಕೆಂಡಾದರೂ ಹಿಂದುಮುಂದಾಗುತ್ತದೆ. ಗೆರೆಯಲ್ಲಿ ಅಷ್ಟು ಮೆಟ್ಟಿಲು ಕಾಣಲು ಸಾಕು.

ಅಳೆಯುವುದು ಹೀಗೆ. ತಮಗೋಚಿಯ ಗಡಿಯಾರದ ಪರದೆಯನ್ನೂ, ಸೆಕೆಂಡು ತೋರಿಸುವ, ಅಂತರ್ಜಾಲದಿಂದ ಸಮಯ ಹೊಂದಿಸಿಕೊಂಡ ಗಡಿಯಾರವನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ನಿಮಿಷ ಬದಲಾಗುವ ಗಳಿಗೆಯನ್ನು ವಿಡಿಯೊ ಮಾಡಿ. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊದಲ್ಲಿ ಒಂದೊಂದೇ ಚೌಕಟ್ಟು ಸರಿಸಿ ನೋಡಿದರೆ ಆ ಕ್ಷಣ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಸಿಗುತ್ತದೆ. ಫ್ಲ್ಯಾಶ್ ಬೇಡ, ಪಕ್ಕದಿಂದ ಓರೆಯಾಗಿ ಬೆಳಕು ಬೀಳಲಿ, ಕ್ಯಾಮೆರಾ ಪರದೆಗೆ ನೇರವಾಗಿರಲಿ, ಇಲ್ಲದಿದ್ದರೆ ಎಲ್‌ಸಿಡಿ ಚುಕ್ಕೆಗಳು ಮಾಸಿ ಕಾಣುತ್ತವೆ. ಕೋಣೆಯ ಉಷ್ಣತೆಯನ್ನೂ ಬರೆದಿಡಿ. ಇಂಥ ಸ್ಫಟಿಕ 25 ಡಿಗ್ರಿಯ ಸುತ್ತಮುತ್ತ ಅತಿ ವೇಗವಾಗಿ ಓಡುತ್ತದೆ. ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ, 10 ಡಿಗ್ರಿ ಆಚೀಚೆಯಾದರೆ ದಿನಕ್ಕೆ ಸುಮಾರು 0.3 ಸೆಕೆಂಡು. ಇದರಿಂದ ಗೆರೆ ಮೆಲ್ಲಗೆ ಬಾಗುತ್ತದೆ, ಜಿಗಿಯುವುದಿಲ್ಲ. ಒಂದೇ ಕಟ್ಟುನಿಟ್ಟು: ಮೊದಲ ದಿನ ಹೊಂದಿಸಿದ ಗಡಿಯಾರವನ್ನು ಕೊನೆಯ ತನಕ ಮುಟ್ಟಬಾರದು, ಎಷ್ಟೇ ತಪ್ಪು ತೋರಿಸಲಿ.

ಇನ್ನು ಆ ವಿಡಿಯೊ ಯಾವತ್ತಿನದು? ಕಡತದೊಳಗಿನ ದಿನಾಂಕವನ್ನು ಯಾರು ಬೇಕಾದರೂ ತಿದ್ದಬಹುದು, ಫೋನಿನ ಗಡಿಯಾರವನ್ನೂ ಹಿಂದೆ ಸರಿಸಬಹುದು. ಕಾಲವನ್ನು ಎರಡೂ ಬದಿಯಿಂದ ಕಟ್ಟಿಹಾಕಬೇಕು. ಈ ದಿನಕ್ಕಿಂತ ಮುಂಚೆ ತೆಗೆದದ್ದಲ್ಲ ಎನ್ನಲು, ಮುಂಚೆಯೇ ಊಹಿಸಲಾಗದ ಏನಾದರೂ ಚಿತ್ರದಲ್ಲಿರಬೇಕು. ಅಂದಿನ ಪತ್ರಿಕೆಯ ಮುಖಪುಟ ಆದೀತು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ನಿಮಿಷಕ್ಕೊಂದರಂತೆ ಪ್ರಕಟಿಸುವ 512 ಬಿಟ್ ಯಾದೃಚ್ಛಿಕ ಸಂಖ್ಯೆಯ ಮೊದಲ ಹತ್ತಿಪ್ಪತ್ತು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟರೆ ಇನ್ನೂ ಬಿಗಿ. ಈ ದಿನದ ನಂತರ ತಯಾರಾದದ್ದಲ್ಲ ಎನ್ನಲು ಕಡತದ ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಖ್ಯೆ, ಕಡತ ಚೂರು ಬದಲಾದರೂ ಇದು ಬೇರೆಯಾಗುತ್ತದೆ) ತೆಗೆದು ಅವತ್ತೇ ಬೇರೊಬ್ಬರ ವಶಕ್ಕೆ ಕೊಡಬೇಕು. ಈ ಉಪಾಯವನ್ನು ಸಂಶೋಧಕರಾದ ಹೇಬರ್ ಮತ್ತು ಸ್ಟಾರ್ನೆಟಾ 1991ರಲ್ಲೇ ವಿವರಿಸಿದ್ದರು. ಈಗ ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಉಚಿತ ಸಲಕರಣೆ ಹ್ಯಾಶನ್ನು ಬಿಟ್‌ಕಾಯಿನ್‌ನ ಸಾರ್ವಜನಿಕ ದಾಖಲೆಗೆ ಹೆಣೆಯುತ್ತದೆ. ಮೂಲ ಕಡತವನ್ನು ಮಾತ್ರ ಹ್ಯಾಶ್ ಮಾಡಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿ ಮರಳಿ ಪಡೆದ ವಿಡಿಯೊ ಕುಗ್ಗಿರುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ.

ದೀರ್ಘಾಯುಷ್ಯದ ನಿಜವಾದ ಶತ್ರು ಬ್ಯಾಟರಿ. ಹಳೆಯ ಮಾದರಿಯಲ್ಲಿ ಸೆಲ್ ತೆಗೆದರೆ ನೆನಪು ಅಳಿದು ಮತ್ತೆ ಮೊಟ್ಟೆ. ಎಲ್‌ಆರ್44 ಎಂಬ ಆಲ್ಕಲೈನ್ ಬಟನ್ ಸೆಲ್ಲಿನ ವೋಲ್ಟೇಜು ಮೆಲ್ಲಮೆಲ್ಲಗೆ ಇಳಿಯುವುದರಿಂದ ಪರದೆ ಮಾಸತೊಡಗಿ ಮುನ್ಸೂಚನೆ ಸಿಗುತ್ತದೆ. ಸಿಲ್ವರ್ ಆಕ್ಸೈಡಿನ ಎಸ್‌ಆರ್44 ಹೆಚ್ಚು ಕಾಲ ಒಂದೇ ಸಮನಿದ್ದು ಕೊನೆಯಲ್ಲಿ ಥಟ್ಟನೆ ಬೀಳುತ್ತದೆ. ಬದಲಿಸುವಾಗ ಎರಡು ಎಎ ಸೆಲ್‌ಗಳನ್ನು ಸಾಲಾಗಿ ಜೋಡಿಸಿ, 100 ಓಮ್ ರೆಸಿಸ್ಟರ್ ಮೂಲಕ ಸಾಧನದ ಪ್ಲಸ್ ಮೈನಸ್ ತಗಡುಗಳಿಗೆ ಸಮಾಂತರವಾಗಿ ಕೊಟ್ಟು, ಆಮೇಲೆ ಹಳೆಯದನ್ನು ತೆಗೆಯಬೇಕು. ರೆಸಿಸ್ಟರ್ ಇಲ್ಲದಿದ್ದರೆ ಹೊಸ ಸೆಲ್ಲಿನ ಕರೆಂಟು ಸೊರಗಿದ ಬಟನ್ ಸೆಲ್ಲಿಗೆ ನುಗ್ಗುತ್ತದೆ. ಕೆಲಸ ಕೆಡುವುದು ಬಹುತೇಕ ಕ್ಲಿಪ್ ಜಾರಿ ಎರಡು ತಗಡು ತಾಗಿದಾಗ, ಆದ್ದರಿಂದ ಬೇರೊಂದು ಸಾಧನದಲ್ಲಿ ಕೈ ಪಳಗಿಸಿಕೊಳ್ಳಿ. ಮುಚ್ಚಳದ ಸ್ಕ್ರೂ ಮೇಲೆ ಸಾಕ್ಷಿಯ ಸಹಿ ಇರುವ ಸ್ಟಿಕ್ಕರ್ ಅಂಟಿಸಿರಬೇಕು. ಅದನ್ನು ಹರಿಯುವುದರಿಂದ ಹೊಸದು ಅಂಟಿಸುವವರೆಗೆ ಒಂದೇ ವಿಡಿಯೊ, ಕತ್ತರಿಯಿಲ್ಲದೆ.

2004ರ ಕನೆಕ್ಷನ್ ಸರಣಿ ಈ ಪಾಡು ತಪ್ಪಿಸಿತು. ಅದು ಸ್ಥಿತಿಯನ್ನು ಉಳಿಸಿಟ್ಟುಕೊಂಡು, ರೀಸೆಟ್ ಆದ ಮೇಲೆ ಹಳೆಯ ಜೀವಿಯನ್ನು ಮರಳಿ ತರುತ್ತದೆ. ಅನುಕೂಲವೇನೋ ಸರಿ, ಆದರೆ ಉಳಿಸಿದ ಪ್ರತಿಯಿಂದ ಎದ್ದದ್ದನ್ನು ಅಖಂಡ ಆಯುಸ್ಸು ಎನ್ನುವುದು ಹೇಗೆ? ಹಳೆಯ ಮಾದರಿಯ ದಾಖಲೆಯನ್ನೂ ಇದನ್ನೂ ಒಂದೇ ಪಟ್ಟಿಗೆ ಸೇರಿಸಬಾರದು.

ದಿನಚರಿ ಪುಸ್ತಕ ಸರಳವಾಗಿರಲಿ: ಎದ್ದಾಗ, ಮಲಗುವ ಮುಂಚೆ, ವಯಸ್ಸು, ತೂಕ, ಎರಡೂ ಸಾಲಿನ ಹೃದಯಗಳು, ನೋಡಿಕೊಂಡವರ ಹೆಸರು. ತೂಕ ಮುಖ್ಯ. ಮೊದಲ ಮಾದರಿಯಲ್ಲಿ ಊಟಕ್ಕೆ 1, ತಿಂಡಿಗೆ 2 ಏರುತ್ತದೆ, ಆಟವಾಡಿದರೆ 1 ಇಳಿಯುತ್ತದೆ. ಲೆಕ್ಕ ಮರುದಿನಕ್ಕೆ ಹೊಂದದಿದ್ದರೆ ಪುಸ್ತಕ ಕೂತಲ್ಲೇ ಗೀಚಿದ್ದು ಎಂದು ಪರಿಶೀಲಕರಿಗೆ ಗೊತ್ತಾಗುತ್ತದೆ. ಮನೆಯವರಲ್ಲದ ಇಬ್ಬರು ಸಾಕ್ಷಿಗಳು ಆಗಾಗ, ಮುನ್ಸೂಚನೆ ಕೊಡದೆ, ಬಂದು ನೋಡಿ ಸಹಿ ಹಾಕಲಿ.

ಸಾವನ್ನೂ ಇಷ್ಟೇ ಎಚ್ಚರದಿಂದ ದಾಖಲಿಸಬೇಕು. ಸಾವಿನ ಪರದೆ ಕಂಡಾಗ ಹೊಸ ಮೊಟ್ಟೆ ತರುವ ಗುಂಡಿಗಳ ಹತ್ತಿರ ಬೆರಳು ಹೋಗದಿರಲಿ. ಮೊದಲು ವಿಡಿಯೊ, ಆಮೇಲೆ ಸಾಕ್ಷಿಯ ಸಹಿ. ಹೊರಗಿನ ಸ್ಟಿಕ್ಕರ್ ಹರಿಯದೆ ಸಾಧನವನ್ನು ಹಾಗೇ ಪರಿಶೀಲಕರ ಕೈಗೆ ಒಪ್ಪಿಸಿ. ಸೆಲ್‌ನಲ್ಲಿ ಕಸುವಿರುವವರೆಗೆ ಅದರ ಸ್ಫಟಿಕದ ಓರೆಯನ್ನು ಅವರೇ ಅಳೆದು ನಿಮ್ಮ ಗ್ರಾಫಿನೊಂದಿಗೆ ತಾಳೆ ನೋಡಬಹುದು.